ಹಿಂದಿನ ಕೋಣೆಯ ಎಡಕುಮೇರಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಹಿಂಬದಿಗೆ ಒಂದು ಚಿಕ್ಕ ಕೋಣೆಯಿರುತ್ತದೆ. ಮನೆ ಮಾರುವವರ ಜಾಹೀರಾತಿನಲ್ಲಿ ಅದು ನಾಲ್ಕನೆಯ ಮಲಗುವ ಕೋಣೆ. ನಮ್ಮ ಮಾತಿನಲ್ಲಿ ಮಾತ್ರ ಅದು ‘ಅಪ್ಪ-ಅಮ್ಮನ ಕೋಣೆ’. ಸಂದರ್ಶಕ ವೀಸಾದ ಆರು ತಿಂಗಳು ಅಲ್ಲಿ ಊದುಬತ್ತಿಯ ಪರಿಮಳ, ಅಮೃತಾಂಜನದ ಘಾಟು, ಪಂಚಾಂಗ, ಮಾತ್ರೆಯ ಡಬ್ಬಿ. ಮಿಕ್ಕ ಕಾಲವೆಲ್ಲ ಇಸ್ತ್ರಿ ಕಾಣದ ಬಟ್ಟೆ, ಖಾಲಿ ಸೂಟ್‌ಕೇಸು. ನಮ್ಮ ಮನೆಯ ಈ ಕೋಣೆ 3 ಮೀಟರ್ ಉದ್ದ, 2.4 ಮೀಟರ್ ಅಗಲವಿದೆ. ಮೂರು ವರ್ಷಗಳಿಂದ ನಾನು ಅಲ್ಲಿ ಒಂದು ರೈಲುಮಾರ್ಗವನ್ನು ಕಟ್ಟುತ್ತಿದ್ದೇನೆ. ಹಿರಿಯರ ಆರೋಗ್ಯ ತಪಾಸಣೆಗೆಂದು ತಿಂಗಳಿಗೊಮ್ಮೆ ಸಂಘಕ್ಕೆ ರಕ್ತದೊತ್ತಡದ ಯಂತ್ರ ಹಿಡಿದು ಬರುವ ವೈದ್ಯನೆಂದಷ್ಟೇ ನನ್ನನ್ನು ಬಲ್ಲವರು, ‘ಡಾಕ್ಟರಿಗೆ ರೈಲಿನ ಹುಚ್ಚಂತೆ, ನಿಜವೇ?’ ಎಂದು ಕೇಳತೊಡಗಿದ್ದರಿಂದ ಈ ಬರಹ.

ಆಟಿಕೆಯ ರೈಲೆಂದು ಮುಗುಳ್ನಗುವವರಿಗೆ ಒಂದು ಮಾತು. ಈ ದೇಶದಲ್ಲಿ ಇದು ಬಹಳ ಗಂಭೀರವಾದ ವಿಷಯ. ಮೆಕ್ಯಾನೊ ರೂಪಿಸಿದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಮಾರುಕಟ್ಟೆಗೆ ತಂದಿತು. 1938ರಲ್ಲಿ ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾದ ‘ಡಬ್ಲೊ’ ಬಂದಿತು. ಅಂದಿನಿಂದ ಇಂದಿನವರೆಗೆ ಇಲ್ಲಿನ ಎಷ್ಟೋ ಮಂದಿ ನಿವೃತ್ತರು ಚಳಿಗಾಲವನ್ನು ಕಳೆಯುವುದೇ ಅಟ್ಟದ ಮೇಲಿನ ರೈಲಿನೊಡನೆ. ಚರ್ಚಿನ ಸಭಾಂಗಣಗಳಲ್ಲಿ ನಡೆಯುವ ಪ್ರದರ್ಶನಗಳಿಗೆ ಹೋಗಿ ನೋಡಿದರೆ, ಒಂದು ಗೂಡ್ಸ್ ಡಬ್ಬಿಯ ಬಣ್ಣ 1955ರದ್ದೋ 1958ರದ್ದೋ ಎಂಬ ಬಗ್ಗೆ ಎಂಬತ್ತರ ಮುದುಕರಿಬ್ಬರು ಚಹಾ ಆರಿಹೋಗುವವರೆಗೆ ವಾದಿಸುತ್ತಿರುತ್ತಾರೆ. ನಮ್ಮ ಕಡೆಯ ತಾಳಮದ್ದಳೆಯ ಅರ್ಥಧಾರಿಗಳನ್ನು ಬಿಟ್ಟರೆ ಇಂಥ ವಾದದ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಟ್ಟುವವನ ಮುಂದೆ ಮೊದಲು ನಿಲ್ಲುವ ಪ್ರಶ್ನೆ: ಯಾವ ಊರು, ಯಾವ ಕಾಲ? ಅಂಗಡಿಯಲ್ಲಿ ದೊರೆಯುವ ಎಂಜಿನು, ಬೋಗಿ, ನಿಲ್ದಾಣಗಳೆಲ್ಲ ಈ ದೇಶದವು. ಡೆವನ್ನಿನ ಕವಲು ಮಾರ್ಗವನ್ನೋ ಸ್ಕಾಟ್ಲೆಂಡಿನ ಬೆಟ್ಟದ ಮಾರ್ಗವನ್ನೋ ಆರಿಸಿಕೊಂಡರೆ ಅರ್ಧ ಕೆಲಸ ಡಬ್ಬಿಯೊಳಗೇ ಮುಗಿದು ಬರುತ್ತದೆ. ನನ್ನ ಮಗಳ ಅಪೇಕ್ಷೆಯೂ ಅದೇ ಆಗಿತ್ತು. ಆದರೆ ನನ್ನ ಮನಸ್ಸಿನಲ್ಲಿ ಇದ್ದುದು ಒಂದೇ ಮಾರ್ಗ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ಹಳಿ.

ಹಾಸನ-ಮಂಗಳೂರು ಮಾರ್ಗ ಮೀಟರ್ ಗೇಜಿನಲ್ಲಿ ಸಂಚಾರಕ್ಕೆ ತೆರೆದದ್ದು 1979ರಲ್ಲಿ. ಅದರ ಪ್ರಾಣವೆಲ್ಲ ನಡುವಿನ ಸುಮಾರು 55 ಕಿಲೋಮೀಟರಿನ ಘಟ್ಟದ ತುಂಡಿನಲ್ಲಿದೆ: 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು, 1ಕ್ಕೆ 50ರ ಏರು. ಅಂದರೆ ಐವತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರಬೇಕು. ಕಾಲ್ನಡಿಗೆಗೆ ಇದು ಏನೇನೂ ಅಲ್ಲ. ರೈಲಿಗೆ ಇದು ಕಡಿದಾದ ಬೆಟ್ಟ. ನನ್ನ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. 1980ರ ದಶಕದಲ್ಲಿ ಕೆಲವು ವರ್ಷ ಆ ಘಟ್ಟದ ನಡುವಿನ ಎಡಕುಮೇರಿಯಲ್ಲಿ ಕೆಲಸ ಮಾಡಿದರು. ಆ ನಿಲ್ದಾಣಕ್ಕೆ ಆಗ ರಸ್ತೆಯಿರಲಿಲ್ಲ. ಅಕ್ಕಿ, ಸೀಮೆಎಣ್ಣೆ, ಟಪಾಲು, ಜ್ವರದ ಮಾತ್ರೆ ಎಲ್ಲವೂ ರೈಲಿನಲ್ಲೇ ಬರಬೇಕು. ನಾವು ಹಾಸನದಲ್ಲಿ ಶಾಲೆಗೆ ಹೋಗುತ್ತಿದ್ದೆವು. ರಜೆ ಬಂದರೆ ಅಮ್ಮ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಜಿಗಣೆಗೆ ಸುಣ್ಣ ಹಚ್ಚುವುದನ್ನೂ, ಆನೆಯ ಸುಳಿವು ಸಿಕ್ಕಾಗ ಪ್ಲಾಟ್‌ಫಾರಮ್ಮಿನಿಂದ ಒಳಗೆ ಓಡುವುದನ್ನೂ ನಾನು ಅಲ್ಲೇ ಕಲಿತದ್ದು. ನಾನು ಮಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಸೇರಿದ ಹೊಸತರಲ್ಲಿ, 1990ರ ದಶಕದ ಮಧ್ಯದಲ್ಲಿ, ಗೇಜ್ ಪರಿವರ್ತನೆಗೆಂದು ಮಾರ್ಗವನ್ನು ಮುಚ್ಚಿದರು. ಬ್ರಾಡ್ ಗೇಜಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಾನು ಈ ದೇಶಕ್ಕೆ ಬಂದಾಗಿತ್ತು. ಆದ್ದರಿಂದ ನನ್ನ ಎಡಕುಮೇರಿಯಲ್ಲಿ ಇರುವುದು ಮೀಟರ್ ಗೇಜ್ ಹಳಿಯೇ.

ಇನ್ನು ಅಳತೆಯ ಲೆಕ್ಕ. ಇಲ್ಲಿ ಬಹುಜನಪ್ರಿಯವಾದ ಪ್ರಮಾಣ 1:76, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಈ ಪ್ರಮಾಣಕ್ಕೆ ಹಳಿ ನಿಜವಾಗಿ 18.8 ಮಿ.ಮೀ. ಇರಬೇಕಿತ್ತು. ಗಾಡಿ ಒಂದು ಪ್ರಮಾಣದ್ದು, ಹಳಿ ಇನ್ನೊಂದರದ್ದು. ಇಂಗ್ಲಿಷರು ಇದನ್ನು ತಲೆಮಾರುಗಳಿಂದ ಸಹಿಸಿಕೊಂಡು ಬಂದಿದ್ದಾರೆ. ನಾನು ಯೂರೋಪಿನ 1:87ನ್ನು ಆರಿಸಿಕೊಂಡೆ. ಮೀಟರ್ ಗೇಜ್ ಆ ಪ್ರಮಾಣದಲ್ಲಿ 11.5 ಮಿ.ಮೀ. ಆಗುತ್ತದೆ, ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು 12 ಮಿ.ಮೀ. ಹಳಿ ಸಿದ್ಧವಾಗಿ ದೊರೆಯುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯದು. ನಮ್ಮ ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಎಂಜಿನು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ, 12 ಮಿ.ಮೀ. ಹಳಿಗೆ ಹೊಂದುವ ಆರು ಅಚ್ಚುಗಳ ಹಳೆಯ ಜರ್ಮನ್ ಎಂಜಿನೊಂದನ್ನು ಕೊಂಡು, ಅದರ ಮೈಯನ್ನು ಕಳಚಿ, ಮಗಳು ಕಂಪ್ಯೂಟರಿನಲ್ಲಿ ಬಿಡಿಸಿ ಮುದ್ರಿಸಿಕೊಟ್ಟ ಹೊಸ ಮೈಯನ್ನು ತೊಡಿಸಿದ್ದೇವೆ. ಅಂಗಾಂಗ ಕಸಿಯೆಂದು ಮನೆಯಲ್ಲಿ ಇದಕ್ಕೆ ಹೆಸರು.

55 ಕಿಲೋಮೀಟರನ್ನು 87ರಿಂದ ಭಾಗಿಸಿದರೆ 632 ಮೀಟರ್. ನಮ್ಮ ಮನೆಯಿಂದ ಹೊರಟ ಹಳಿ ಬೀದಿಯ ಕೊನೆಯ ಅಂಚೆ ಪೆಟ್ಟಿಗೆಯನ್ನು ದಾಟಿ, ಶಾಲೆಯ ಮೈದಾನವನ್ನು ಸುತ್ತಿ, ಸೂಪರ್ ಮಾರ್ಕೆಟ್ಟಿನ ಒಳಗೆ ಹೋಗಿ ನಿಲ್ಲುತ್ತದೆ. ತಿರುವುಗಳ ಕಥೆ ಇನ್ನೂ ಕಷ್ಟದ್ದು. ನಮ್ಮ ರೈಲ್ವೆಯಲ್ಲಿ ತಿರುವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 1750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ. 10 ಡಿಗ್ರಿಯ ಬಿಗಿಯಾದ ತಿರುವೆಂದರೆ 175 ಮೀಟರ್; ನನ್ನ ಪ್ರಮಾಣದಲ್ಲಿ 2 ಮೀಟರ್. ಗಾಡಿ ಅರ್ಧ ವೃತ್ತ ತಿರುಗಬೇಕಾದರೆ 4 ಮೀಟರ್ ಅಗಲ ಬೇಕು, ಇರುವುದು 2.4. ಆದ್ದರಿಂದ ಕುಗ್ಗಿಸಲೇಬೇಕು, ಬಿಡಲೇಬೇಕು. ಈ ಹವ್ಯಾಸದ ನಿಜವಾದ ವಿದ್ಯೆ ಇರುವುದು ಬಿಡುವುದರಲ್ಲಿ.

ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ ಎಂಬ ಮಹನೀಯ ಇದಕ್ಕೊಂದು ಕ್ರಮ ಹೇಳಿಕೊಟ್ಟಿದ್ದಾನೆ. ಮಾದರಿ ರೈಲಿನ ಯೋಜನೆಯಲ್ಲಿ ಆತನದು ದೊಡ್ಡ ಹೆಸರು. ಗೆರೆ ಎಳೆಯುವ ಮೊದಲು ಎರಡು ಪಟ್ಟಿ ಮಾಡಬೇಕು. ಒಂದರಲ್ಲಿ ಬದಲಿಸಲಾಗದ ಸಂಗತಿಗಳು: ಗೋಡೆ, ಬಾಗಿಲು, ಕಿಟಕಿ, ಕೈಯಲ್ಲಿರುವ ಹಣ, ಬಿಡುವು. ಇನ್ನೊಂದರಲ್ಲಿ ಆಸೆಗಳು, ಆದ್ಯತೆಯ ಕ್ರಮದಲ್ಲಿ. ರೋಗಿಯ ಪೂರ್ವವೃತ್ತಾಂತವನ್ನು ಬರೆದುಕೊಳ್ಳುವುದನ್ನೇ ಇಪ್ಪತ್ತೈದು ವರ್ಷ ಮಾಡಿಕೊಂಡು ಬಂದ ನನಗೆ ಈ ವಿಧಾನ ಹಿಡಿಸಿತು. ನನ್ನ ಆಸೆಗಳ ಪಟ್ಟಿ: ಒಂದು, ಎಡಕುಮೇರಿ ನಿಲ್ದಾಣ. ಎರಡು, ಗಾಡಿ ಕಷ್ಟಪಟ್ಟು ಏರುವುದು ಕಣ್ಣಿಗೆ ಕಾಣಬೇಕು. ಮೂರು, ಸುರಂಗದೊಳಗೆ ಮರೆಯಾಗಿ ಮತ್ತೆ ಇನ್ನೊಂದೆಡೆ ಕಾಣಿಸಬೇಕು. ಮಳೆಗಾಲ, ಒಂದು ಜಲಪಾತ, ಒಂದು ಆನೆ ಇತ್ಯಾದಿ ಆಮೇಲಿನವು. ಬದಲಿಸಲಾಗದ ಸಂಗತಿಗಳ ಪಟ್ಟಿ: ಒಳಕ್ಕೆ ತೆರೆಯುವ ಬಾಗಿಲು. ಪೂರ್ವದ ಕಿಟಕಿ. ಅದರ ಕೆಳಗೆ ಶಾಖದ ರೇಡಿಯೇಟರ್. ಒಬ್ಬರು ಮಲಗುವ ಮಂಚ, 190 ಸೆಂಟಿಮೀಟರ್ ಉದ್ದ, 90 ಅಗಲ.

ಆ ಮಂಚವನ್ನು ನಾವು ಕೊಂಡದ್ದು ಅಪ್ಪನಿಗಾಗಿ. ಅಪ್ಪ, ಅಮ್ಮ ಇಬ್ಬರೂ ಎರಡು ಬಾರಿ ಬಂದುಹೋಗಿದ್ದರು, ಕೊನೆಯ ಸಲ 2018ರಲ್ಲಿ. ಮರುವರ್ಷ ಅಮ್ಮ ತೀರಿಕೊಂಡರು. ಅಪ್ಪ ಹಾಸನದಲ್ಲಿ ಒಬ್ಬರೇ ಇದ್ದಾರೆ. ತಂಗಿಯ ಮನೆ ಎರಡು ಬೀದಿಯಾಚೆಗಿದೆ. ಈ ದೇಶದಲ್ಲಿ ವೈದ್ಯರಾಗಿರುವ ನಮ್ಮಲ್ಲಿ ಅನೇಕರಿಗೆ 2012ರ ಜುಲೈ ತಿಂಗಳು ನೆನಪಿನಲ್ಲಿದೆ. ವಯಸ್ಸಾದ ತಂದೆತಾಯಿಯರನ್ನು ಶಾಶ್ವತವಾಗಿ ಕರೆತರುವ ನಿಯಮ ಅಂದು ಬಿಗಿಯಾಯಿತು. ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆರೈಕೆ ಬೇಕಾಗಿರಬೇಕು. ಆ ಆರೈಕೆ ನಾವು ಹಣ ಕಳುಹಿಸಿದರೂ ಅವರ ದೇಶದಲ್ಲಿ ದೊರೆಯದೆಂದು ಸಾಬೀತುಪಡಿಸಬೇಕು. ಹಾಸನದಲ್ಲಿ ಹಣ ಕೊಟ್ಟರೆ ನರ್ಸ್ ದೊರೆಯುವುದಿಲ್ಲವೆಂದು ಯಾವ ಮುಖದಿಂದ ಬರೆಯುವುದು? ಉಳಿದದ್ದು ಆರು ತಿಂಗಳ ಸಂದರ್ಶಕ ವೀಸಾ. ಅದಕ್ಕೂ ವಿಮಾನದಲ್ಲಿ ಕೂರಲು ಶಕ್ತಿ ಬೇಕು. ನಾಲ್ಕು ವರ್ಷಗಳ ಹಿಂದೆ ಅಪ್ಪನ ಎಕೋ ವರದಿ ವಾಟ್ಸ್ಯಾಪಿನಲ್ಲಿ ಬಂದಾಗ, ಹೃದಯ ಎಷ್ಟು ರಕ್ತವನ್ನು ನೂಕುತ್ತಿದೆ ಎಂಬ ಅಂಕಿಯನ್ನು ನೋಡಿ ನಾನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ. ಆ ಅಂಕಿಯ ರೋಗಿ ನನ್ನೆದುರು ಕುಳಿತು, ಈ ವಯಸ್ಸಿನಲ್ಲಿ ಇಷ್ಟು ದೂರ ಹಾರಲೇ ಎಂದು ಕೇಳಿದರೆ ಬೇಡವೆನ್ನುತ್ತಿದ್ದೆ. ಆದರೂ ಮಂಚ ‘ಬದಲಿಸಲಾಗದ’ ಪಟ್ಟಿಯಲ್ಲೇ ಉಳಿಯಿತು. ಅದನ್ನು ಅಲ್ಲಿಂದ ತೆಗೆಯುವ ಮಾತನ್ನು ಹೆಂಡತಿಯೂ ಆಡಲಿಲ್ಲ, ನಾನೂ ಆಡಲಿಲ್ಲ.

ಮಂಚವನ್ನು ಉಳಿಸಿಕೊಂಡು ಮಾಡಿದ ಮೊದಲ ಯೋಜನೆ ಹೀಗಿತ್ತು. ಮಂಚದ ಎದುರು ಗೋಡೆಯ ಉದ್ದಕ್ಕೆ 40 ಸೆಂಟಿಮೀಟರ್ ಅಗಲದ ಒಂದು ಹಲಗೆ. ಮಧ್ಯದಲ್ಲಿ ಎಡಕುಮೇರಿ, ಎರಡೂ ತುದಿಯಲ್ಲಿ ಸುರಂಗದ ಬಾಯಿ, ಸುರಂಗದಾಚೆ ಗಾಡಿಗಳು ಅಡಗಿ ನಿಲ್ಲುವ ಪುಟ್ಟ ಯಾರ್ಡ್. ಇದಕ್ಕೆ ಇಲ್ಲಿನವರು ಫಿಡಲ್ ಯಾರ್ಡ್ ಎನ್ನುತ್ತಾರೆ. ನಾಟಕದ ಪಾತ್ರಗಳು ಬಣ್ಣ ಹಚ್ಚಿಕೊಂಡು ಕಾಯುವ ಚೌಕಿಯಂತೆ. ಚಿಕ್ಕ ಕೋಣೆಗೆ ಇದು ಬಹಳ ಸಭ್ಯವಾದ ಯೋಜನೆ. 1957ರಲ್ಲಿ ಸಿ. ಜೆ. ಫ್ರೀಜರ್ ರೂಪಿಸಿದ ‘ಮೈನೊರೀಸ್’ ಎಂಬ ಪುಟ್ಟ ನಿಲ್ದಾಣದ ನಕ್ಷೆಯಿಂದ ಹಿಡಿದು ಈ ದೇಶದ ಸಾವಿರಾರು ಮನೆಗಳಲ್ಲಿ ಗೋಡೆಯ ಹಲಗೆಯ ಮೇಲೇ ರೈಲು ಓಡಿದೆ.

ನಕ್ಷೆಯನ್ನು ಹಾಸನಕ್ಕೆ ಕಳುಹಿಸಿದೆ. ಅಪ್ಪ ಅದನ್ನು ತಂಗಿಯ ಮಗನ ಕೈಯಲ್ಲಿ ದೊಡ್ಡದಾಗಿ ಮುದ್ರಿಸಿಸಿ, ಕೆಂಪು ಪೆನ್ನಿನಿಂದ ತಿದ್ದಿ, ಫೋಟೋ ತೆಗೆಸಿ ಮರಳಿಸಿದರು. ಹೈಸ್ಕೂಲಿನ ಗಣಿತದ ಉತ್ತರಪತ್ರಿಕೆಯ ನಂತರ ಅಷ್ಟು ಕೆಂಪನ್ನು ನಾನು ನೋಡಿರಲಿಲ್ಲ. ಫೋನಿನಲ್ಲಿ ಮೊದಲ ಮಾತೇ, ‘ಅಲ್ಲ ಕಣೋ, ಕ್ಯಾಚ್ ಸೈಡಿಂಗ್ ಎಲ್ಲಿ?’

ತಿಳಿಯದವರಿಗಾಗಿ ಹೇಳುತ್ತೇನೆ. ಘಟ್ಟದ ಮೇಲಿನಿಂದ ಇಳಿಯುವ ಗಾಡಿಯ ಬ್ರೇಕು ಕೈಕೊಟ್ಟರೆ ಅದು ನೇರ ನಿಲ್ದಾಣಕ್ಕೆ ನುಗ್ಗುತ್ತದೆ. ಹಾಗಾಗದಂತೆ ನಿಲ್ದಾಣಕ್ಕೆ ಮುನ್ನ ಪಕ್ಕಕ್ಕೊಂದು ಹಳಿಯನ್ನು ಏರಿಗೆ ಎಳೆದು, ಕೊನೆಯಲ್ಲಿ ಮರಳು ತುಂಬಿರುತ್ತಾರೆ. ಓಡಿಬಂದ ಗಾಡಿ ಆ ಏರನ್ನು ಹತ್ತಿ ಸುಸ್ತಾಗಿ ನಿಲ್ಲಬೇಕು. ನಿಲ್ದಾಣದ ಕಡೆಗೆ 1ಕ್ಕೆ 80ಕ್ಕಿಂತ ಕಡಿದಾದ ಇಳಿಜಾರು ಇದ್ದಲ್ಲಿ ಕ್ಯಾಚ್ ಸೈಡಿಂಗ್ ಇರಬೇಕೆಂಬುದು ನಿಯಮ; ನಿಲ್ದಾಣದಿಂದ ಹೊರಕ್ಕೆ ಇಳಿಜಾರಿದ್ದರೆ ನಿಂತ ಡಬ್ಬಿಗಳು ಜಾರಿಹೋಗದಂತೆ ಸ್ಲಿಪ್ ಸೈಡಿಂಗ್ ಬೇರೆ. ಅಪ್ಪ ಈ ಎರಡನ್ನೂ ನಿಯಮದ ಪುಸ್ತಕ ನೋಡದೆ ಒಪ್ಪಿಸಿದರು. ನಿವೃತ್ತರಾಗಿ ಎರಡು ದಶಕವಾಗುತ್ತ ಬಂದಿದೆ. ‘ಇದೇನು, ಸಪಾಟಾಗಿ ಇದೆಯಲ್ಲ? ಏರೇ ಇಲ್ಲದ ಮೇಲೆ ಅದು ಯಾವ ಎಡಕುಮೇರಿ? ಅರಸೀಕೆರೆ ಅನ್ನು.’

ಏರು ಬೇಕೆಂದರೆ ಉದ್ದ ಬೇಕು. 3 ಮೀಟರಿನ ಗೋಡೆಯ ಉದ್ದಕ್ಕೂ 1ಕ್ಕೆ 50ರಂತೆ ಏರಿದರೂ ಸಿಗುವುದು 6 ಸೆಂಟಿಮೀಟರ್. ಕಣ್ಣಿಗೆ ಅದು ಏರೆಂದೇ ತೋರದು. ಉಳಿದ ದಾರಿ ಒಂದೇ: ಮೂಲೆಯಲ್ಲಿ ಹಳಿಯನ್ನು ಸುರುಳಿಯಾಗಿ ಸುತ್ತಿ ಮೇಲಕ್ಕೆ ಒಯ್ಯುವುದು. ಇದಕ್ಕೆ ಹೆಲಿಕ್ಸ್ ಎನ್ನುತ್ತಾರೆ. 45 ಸೆಂಟಿಮೀಟರ್ ತ್ರಿಜ್ಯದ ಒಂದು ಸುತ್ತಿಗೆ ಹಳಿ 2.83 ಮೀಟರ್, 1ಕ್ಕೆ 50ರಂತೆ ಒಂದು ಸುತ್ತಿನ ಏರಿಕೆ 56 ಮಿ.ಮೀ. ಕೆಳಗಿನ ಸುತ್ತಿನ ಗಾಡಿಯ ತಲೆ ಮೇಲಿನ ಸುತ್ತಿಗೆ ತಾಗಬಾರದಷ್ಟೆ. ಪ್ಲೈವುಡ್ 6, ಹಳಿ ಮತ್ತು ಸ್ಲೀಪರ್ 4, ಬೋಗಿಯ ಎತ್ತರ 40, ಒಟ್ಟು 50. ಉಳಿಯುವುದು 6 ಮಿ.ಮೀ. ಲೆಕ್ಕ ಕೂಡಿಬಂತು. ಐದು ಸುತ್ತಿಗೆ 14 ಮೀಟರ್ ಹಳಿ, 28 ಸೆಂಟಿಮೀಟರ್ ಏರಿಕೆ. ಬೆಟ್ಟದ ಮೈಯಲ್ಲಿ ಅಲ್ಲಲ್ಲಿ ತೆರಪು ಬಿಟ್ಟರೆ, ಗಾಡಿ ಒಂದು ಸುರಂಗದಿಂದ ಹೊರಬಂದು ಇನ್ನೊಂದನ್ನು ಹೊಕ್ಕು, ಪ್ರತಿ ಸಲವೂ ಮೊದಲಿಗಿಂತ ಒಂದು ಹಂತ ಮೇಲೆ ಕಾಣಿಸಿಕೊಳ್ಳುತ್ತದೆ. ನನ್ನ ಎರಡನೆಯ ಮತ್ತು ಮೂರನೆಯ ಆಸೆಗಳೆರಡೂ ಒಂದೇ ಸುರುಳಿಯಲ್ಲಿ ಕೈಗೂಡುತ್ತಿದ್ದವು. ಆದರೆ ಸುರುಳಿಗೆ ಒಂದು ಮೂಲೆಯಲ್ಲಿ ಮೀಟರಿಗೊಂದು ಮೀಟರ್ ಜಾಗ ಬೇಕು. ಬಾಗಿಲು ಒಂದು ಮೂಲೆಯನ್ನು, ಬಾಗಿಲು ತೆರೆಯುವ ವ್ಯಾಪ್ತಿ ಇನ್ನೊಂದನ್ನು, ರೇಡಿಯೇಟರ್ ಮೂರನೆಯದನ್ನು ಹಿಡಿದಿದ್ದವು. ನಾಲ್ಕನೆಯ ಮೂಲೆಯಲ್ಲಿ ಮಂಚದ ತಲೆಭಾಗವಿತ್ತು.

ಇದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಜಾಗ ಸಾಲದು, ಹಲಗೆಯ ಯೋಜನೆಯೇ ಇರಲಿ ಎಂದಿದ್ದೆ. ಒಂದು ಭಾನುವಾರ ವಿಡಿಯೊದಲ್ಲಿ ಕೋಣೆಯನ್ನು ತೋರಿಸು ಎಂದರು. ಮಗಳು ಫೋನನ್ನು ಹಿಡಿದು ನಾಲ್ಕೂ ಗೋಡೆ ಸುತ್ತಿಸಿದಳು. ಮಂಚದ ಬಳಿ ಬಂದಾಗ ನಿಲ್ಲಿಸಲು ಹೇಳಿದರು. ಸ್ವಲ್ಪ ಹೊತ್ತು ಮಾತಿರಲಿಲ್ಲ.

‘ಆ ಮಂಚ ಇನ್ನೂ ಯಾಕೆ ಇಟ್ಟಿದೀಯ?’

‘ನೀವು ಬಂದಾಗ ಬೇಕಲ್ಲ ಅಪ್ಪ’ ಎಂದೆ.

‘ನೀನು ಡಾಕ್ಟರು. ನನ್ನ ರಿಪೋರ್ಟ್ ನೋಡಿದವನು ನೀನೇ. ನನಗೆ ಹೇಳೋಕ್ಕೆ ನಿನಗೆ ಬಾಯಿ ಬರಲಿಲ್ಲ, ಅದು ಗೊತ್ತು ನನಗೆ. ನಾನೇ ಹೇಳ್ತೀನಿ. ನಾನು ಬರೋದಿಲ್ಲ ಕಣೋ. ಆ ಮೂಲೇಲಿ ಹಳಿ ಹಾಕು. ಕರ್ವ್ ಬಿಗಿ ಮಾಡಬೇಡ.’

ನನ್ನ ವೃತ್ತಿಯಲ್ಲಿ ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ಕಲಿಸುತ್ತಾರೆ. ಎದುರು ಕುಳಿತುಕೊಳ್ಳಿ, ಅವರಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳಿ, ಸುತ್ತಿ ಬಳಸಬೇಡಿ, ಹೇಳಿದ ಮೇಲೆ ಮುಂದೇನು ಮಾಡಬಹುದೆಂದು ತಿಳಿಸಿ. ಅಪ್ಪ ಇದನ್ನೆಲ್ಲ ಯಾವ ತರಬೇತಿಯೂ ಇಲ್ಲದೆ ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದರು. ಮಂಚವನ್ನು ಸಂಘದಲ್ಲಿ ಹೊಸದಾಗಿ ಬಂದ ಒಂದು ಸಂಸಾರ ಒಯ್ದಿತು. ಅವರ ತಾಯಿ ಆ ತಿಂಗಳು ದಾವಣಗೆರೆಯಿಂದ ಬರುವವರಿದ್ದರು. ಅದನ್ನು ಕಳಚಿದ ದಿನ ಹೆಂಡತಿ ಆ ಮೂಲೆಯನ್ನು ಗುಡಿಸಿ, ‘ರೀ, ಇನ್ನು ಸುಮ್ಮನೆ ಬಿಡಬೇಡಿ, ಬೇಗ ಏನಾದರೂ ಕಟ್ಟಿ’ ಎಂದಳು.

ಕಟ್ಟಿದೆವು. ಸುರುಳಿಯನ್ನು ಕಟ್ಟುವ ಮೊದಲು ಎಂಜಿನಿನ ಶಕ್ತಿಯನ್ನು ಪರೀಕ್ಷಿಸಬೇಕಿತ್ತು. 2 ಮೀಟರ್ ಹಲಗೆಯ ಒಂದು ತುದಿಯ ಕೆಳಗೆ 4 ಸೆಂಟಿಮೀಟರ್ ದಪ್ಪದ ಪುಸ್ತಕ ಇಟ್ಟರೆ 1ಕ್ಕೆ 50 ಸಿದ್ಧ. ನನ್ನ ಹಳೆಯ ಔಷಧಶಾಸ್ತ್ರದ ಪಠ್ಯಪುಸ್ತಕ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ನೇರ ಏರಿನಲ್ಲಿ ಎಂಜಿನು ಐದು ಬೋಗಿಗಳನ್ನು ಎಳೆಯಿತು, ಆರನೆಯದಕ್ಕೆ ಚಕ್ರ ಜಾರಿತು. ತಿರುವಿನ ಏರಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವುದರಿಂದ ನಾಲ್ಕೇ. ಮೈಯೊಳಗೆ ಸೀಸದ ತುಂಡುಗಳನ್ನು ತುಂಬಿದ ಮೇಲೆ ನಾಲ್ಕು ಬೋಗಿ ನಿರಾಯಾಸವಾಗಿ ಏರಿದವು. ಅಷ್ಟಕ್ಕೇ ನಿಲ್ಲಿಸಿದೆ. ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಸಮನಾಗಿ ಓಡಿಸಿದರೆ, ಅಂದರೆ ಸೆಕೆಂಡಿಗೆ ಸುಮಾರು 9.6 ಸೆಂಟಿಮೀಟರ್, ಐದು ಸುತ್ತು ಮುಗಿಯಲು ಎರಡೂವರೆ ನಿಮಿಷ ಬೇಕು. ನೋಡಲು ಬಂದವರು ಮೊದಲ ನಿಮಿಷದಲ್ಲಿ ಚಡಪಡಿಸುತ್ತಾರೆ. ಆಮೇಲೆ ಮುಂದಿನ ಸುರಂಗದ ಬಾಯಿಯ ಮೇಲೆ ಕಣ್ಣಿಟ್ಟು ಸುಮ್ಮನಾಗುತ್ತಾರೆ. ಸುರುಳಿಯೊಳಗೆ ಬೋಗಿ ಹಳಿ ತಪ್ಪಿದರೆ ಮಧ್ಯದ ಪೊಳ್ಳಿನಿಂದ ಕೈ ಹಾಕಬೇಕು. ಅಲ್ಲಿಗೆ ಕೆಳಗಿನಿಂದ ನುಸುಳಬಲ್ಲವಳು ಮಗಳೊಬ್ಬಳೇ, ಮತ್ತು ಪ್ರತಿ ರಕ್ಷಣಾ ಕಾರ್ಯಕ್ಕೂ ಅವಳ ದರ ನಿಗದಿಯಾಗಿದೆ.

ಬೆಟ್ಟ ಕಟ್ಟುವಾಗ ಮಾತ್ರ ನನ್ನ ವೃತ್ತಿ ನೆರವಿಗೆ ಬಂತು. ಇಲ್ಲಿನ ಹವ್ಯಾಸಿಗಳು ಬೆಟ್ಟಕ್ಕೆ ಬಳಸುವುದು ಪ್ಲಾಸ್ಟರ್ ಬಟ್ಟೆಯನ್ನು. ಮುರಿದ ಮೂಳೆಗೆ ನಾವು ಸುತ್ತುವ ಅದೇ ಬಗೆಯ ಬಟ್ಟೆ. ರಟ್ಟಿನ ಪಟ್ಟಿಗಳ ಬಲೆ ಹೆಣೆದು, ಒದ್ದೆ ಪ್ಲಾಸ್ಟರನ್ನು ಪದರ ಪದರವಾಗಿ ಹಾಸಿ, ಅಂಗೈಯಿಂದ ಸವರಿದೆ. ಹಾಸನದ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಕಲಿತ ಕೈಚಳಕ ಇನ್ನೂ ಮರೆತಿರಲಿಲ್ಲ. ಹಳಿಯ ಜಲ್ಲಿಯನ್ನು ಅಂಟಿಸುವಾಗ ನೀರು ಬೆರೆಸಿದ ಬಿಳಿ ಅಂಟಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸಿ, ಸಿರಿಂಜಿನಿಂದ ಹನಿ ಹನಿಯಾಗಿ ಬಿಡಬೇಕು. ಆ ಹನಿ ಸೋಪಿಲ್ಲದಿದ್ದರೆ ಅಂಟು ಜಲ್ಲಿಯ ಮೇಲೆ ಉಂಡೆಯಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಸಣ್ಣ ತಂತಿಗಳಿಗೆ ಆರ್ಟರಿ ಫೋರ್ಸೆಪ್ಸ್ ಹಾಕಿ ಬೆಸುಗೆ ಹಾಕಿದರೆ ಶಾಖ ಅಲ್ಲೇ ತಡೆದು ನಿಲ್ಲುತ್ತದೆ, ಪ್ಲಾಸ್ಟಿಕ್ ಸ್ಲೀಪರ್ ಕರಗುವುದಿಲ್ಲ.

ಬಣ್ಣದ ವಿಷಯ ಬಹಳ ದಿನ ತಿಂದಿತು. ಇಲ್ಲಿ ಡಬ್ಬಿಯಲ್ಲಿ ದೊರೆಯುವ ಹುಲ್ಲಿನ ಹಸಿರು, ಕುರಿ ಮೇಯುವ ಇಂಗ್ಲಿಷ್ ಗುಡ್ಡದ ಹಸಿರು. ಆಷಾಢದ ಮಲೆನಾಡಿನ ಹಸಿರಿನಲ್ಲಿ ಅರ್ಧ ಕಪ್ಪು ಇರುತ್ತದೆ. ಮೂರು ಡಬ್ಬಿಗಳನ್ನು ಬೆರೆಸಿ, ಮೇಲೆ ಕಂದು ಬಣ್ಣದ ತೆಳುನೀರನ್ನು ಸಿಂಪಡಿಸಿ, ಕೊನೆಗೆ ಅಪ್ಪನಿಗೆ ಫೋಟೋ ಕಳುಹಿಸಿದೆ. ‘ಜೂನ್ ಮೊದಲ ವಾರ. ಇನ್ನೂ ಜೋರು ಮಳೆ ಹಿಡಿದಿಲ್ಲ’ ಎಂದು ಉತ್ತರ ಬಂತು. ಇನ್ನೊಂದು ಪದರ ಕಪ್ಪು ಸೇರಿಸಿದೆ. ಕಾಡಿನ ನೆಲಕ್ಕೆ ಮಾತ್ರ ಅಡುಗೆಮನೆಯಿಂದಲೇ ಸಾಮಗ್ರಿ ಸಿಕ್ಕಿತು: ಫಿಲ್ಟರಿನಲ್ಲಿ ಉಳಿದ ಕಾಫಿಯ ಗಸಿ. ಒಲೆಯಲ್ಲಿ ಚೆನ್ನಾಗಿ ಒಣಗಿಸಿ ಉದುರಿಸಬೇಕು, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಚಿಕ್ಕಮಗಳೂರಿನಿಂದ ತರಿಸಿದ ಪುಡಿಯಾದ್ದರಿಂದ ನೆಲವಾದರೂ ಅಸಲಿ ಮಲೆನಾಡಿನದು ಎಂದು ಹೆಂಡತಿಯ ತೀರ್ಪು.

ಕ್ಯಾಚ್ ಸೈಡಿಂಗ್ 40 ಸೆಂಟಿಮೀಟರ್ ಉದ್ದವಿದೆ, ಕೊನೆಯಲ್ಲಿ ಮರಳಿದೆ. ಸಿರಿಬಾಗಿಲು, ಕಡಗರವಳ್ಳಿ, ದೋಣಿಗಾಲ್ ನಿಲ್ದಾಣಗಳಿಗೆ ಜಾಗವಾಗಲಿಲ್ಲ. ಮೂರು ನಿಲ್ದಾಣಗಳನ್ನು ಒಟ್ಟಿಗೆ ನುಂಗಿದ್ದಕ್ಕೆ ಅಪ್ಪ ಇನ್ನೂ ಸಂಪೂರ್ಣ ಕ್ಷಮಿಸಿಲ್ಲ. 57 ಸುರಂಗಗಳಲ್ಲಿ ನನ್ನ ಪಾಲಿಗೆ ಬಂದದ್ದು ಒಂಬತ್ತು.

ಗಾಡಿ ಓಡಿಸುವುದಕ್ಕೂ ಅಪ್ಪನದೇ ಕಟ್ಟುನಿಟ್ಟು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಕಾಲಕ್ಕೆ ಒಂದೇ ಗಾಡಿ ಇರಬೇಕು. ಮುಂದಿನ ನಿಲ್ದಾಣದವರು ‘ಲೈನ್ ಕ್ಲಿಯರ್’ ಕೊಟ್ಟ ಮೇಲೆಯೇ ಹಿಂದಿನ ನಿಲ್ದಾಣದವರು ಗಾಡಿ ಬಿಡಬೇಕು. ಡ್ರೈವರನಿಗೆ ಅದರ ಗುರುತಾಗಿ ಟೋಕನ್ ಕೊಡುತ್ತಿದ್ದರು: ಯಂತ್ರದಿಂದ ಹೊರಬರುವ ಉಕ್ಕಿನ ಗುಂಡು, ಅದನ್ನಿಟ್ಟ ಚರ್ಮದ ಚೀಲ, ಚೀಲಕ್ಕೆ ದೊಡ್ಡ ಬಳೆಯಂಥ ಬೆತ್ತದ ಹಿಡಿಕೆ. ಓಡುವ ಗಾಡಿಯಿಂದ ಡ್ರೈವರು ತೋಳು ಚಾಚಿ ಅದನ್ನು ಸಿಕ್ಕಿಸಿಕೊಳ್ಳುವುದನ್ನು ನೋಡಲೆಂದೇ ನಾವು ಪ್ಲಾಟ್‌ಫಾರಮ್ಮಿನ ತುದಿಗೆ ಓಡುತ್ತಿದ್ದೆವು. ಫೋನಿನ ಮೇಲೆ ಒಪ್ಪಿಗೆ ಕೊಡಬೇಕಾಗಿ ಬಂದರೆ ಸ್ಟೇಷನ್ ಮಾಸ್ಟರರು ತಮ್ಮ ಹಾಳೆಯಿಂದ ಎರಡಂಕಿಯ ಒಂದು ಪ್ರೈವೇಟ್ ನಂಬರ್ ಹೇಳುತ್ತಾರೆ. ಒಮ್ಮೆ ಹೇಳಿದ ಸಂಖ್ಯೆಯನ್ನು ಹೊಡೆದುಹಾಕುತ್ತಾರೆ. ಇಬ್ಬರೂ ಅದನ್ನು ಬರೆದುಕೊಳ್ಳಬೇಕು, ಮುಂದೆ ಏನಾದರೂ ಆದರೆ ಯಾರು ಏನು ಹೇಳಿದರೆಂಬುದಕ್ಕೆ ಅದೇ ಸಾಕ್ಷಿ.

ಈಗ ಭಾನುವಾರ ಹಾಸನದ ಮೂರೂವರೆಗೆ, ನಮಗೆ ಬೇಸಿಗೆಯಲ್ಲಿ ಹನ್ನೊಂದು, ಚಳಿಗಾಲದಲ್ಲಿ ಹತ್ತು, ಫೋನ್ ಬರುತ್ತದೆ. ನಿಲ್ದಾಣದ ಮೇಲೆ ತೂಗುಹಾಕಿದ ಟ್ಯಾಬ್ಲೆಟ್ಟಿನ ಕಣ್ಣಿನಿಂದ ಅಪ್ಪ ಎಡಕುಮೇರಿಯ ಎರಡೂ ಹಳಿಗಳನ್ನು ನೋಡುತ್ತಾರೆ. ಕೆಳಗಿನ ಯಾರ್ಡಿನ ಬಳಿ ಕುಳಿತ ನಾನು ಸುಬ್ರಹ್ಮಣ್ಯ ರೋಡ್.

‘ಎಡಕುಮೇರಿ, ಸುಬ್ರಹ್ಮಣ್ಯ ರೋಡ್. ಅಪ್ ಪ್ಯಾಸೆಂಜರಿಗೆ ಲೈನ್ ಕ್ಲಿಯರ್ ಕೊಡಿ.’

ಆಚೆ ಕನ್ನಡಕ ಸರಿಪಡಿಸಿಕೊಳ್ಳುವ, ಪುಟ ತಿರುಗಿಸುವ ಸದ್ದು. ಅವರು ಶಾಲೆಯ ನೋಟ್‌ಬುಕ್ಕಿನಲ್ಲಿ ಸಂಖ್ಯೆಗಳ ಹಾಳೆಯೊಂದನ್ನು ತಾವೇ ಬರೆದಿಟ್ಟುಕೊಂಡಿದ್ದಾರೆ. ಅವರ ಉಸಿರು ಏರುಹಾದಿಯಲ್ಲಿ ನಡೆದಂತೆ ಕೇಳುವ ಭಾನುವಾರಗಳೂ ಇವೆ. ಆಗ ನಾನು ಗಾಡಿಯ ಮಾತು ಬಿಟ್ಟು ಕಾಲಿನ ಬಾವು, ಮಾತ್ರೆ, ರಾತ್ರಿ ದಿಂಬು ಎಷ್ಟು ಎಂದು ಕೇಳುತ್ತೇನೆ. ‘ಅದೆಲ್ಲ ಆಮೇಲೆ. ಗಾಡಿ ಕಾಯ್ತಾ ಇದೆ’ ಎನ್ನುತ್ತಾರೆ. ಅನಂತರ ಸಂಖ್ಯೆ ಹೇಳುತ್ತಾರೆ, ನಾನು ಬರೆದುಕೊಂಡು ತಿರುಗಿ ಹೇಳುತ್ತೇನೆ, ಮಗಳು ಗಾಡಿ ಬಿಡುತ್ತಾಳೆ. ಎರಡೂವರೆ ನಿಮಿಷದ ನಂತರ ಗಾಡಿ ಕೊನೆಯ ಸುರಂಗದಿಂದ ಹೊರಬಂದು ಪ್ಲಾಟ್‌ಫಾರಮ್ಮಿಗೆ ನಿಂತಾಗ, ಹಿಂದಿನ ಡಬ್ಬಿಯ ಕೆಂಪು ದೀಪವನ್ನು ಕಣ್ಣಾರೆ ನೋಡಿ, ಗಾಡಿ ಪೂರ್ತಿ ಬಂದಿದೆಯೆಂದು ಖಚಿತಪಡಿಸಿ, ಸಮಯ ಬರೆದುಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ಗಾಡಿ, ಒಂದು ಗೂಡ್ಸ್. ಅದಕ್ಕಿಂತ ಹೆಚ್ಚು ಓಡಿಸಿದರೆ ಅವರಿಗೆ ದಣಿವಾಗುತ್ತದೆ.

ಎಡಕುಮೇರಿಯಿಂದ ಮೇಲಿನ ಸಕಲೇಶಪುರದ ತುದಿ ಕಳೆದ ತಿಂಗಳು ಸಿದ್ಧವಾಯಿತು. ಕಿಟಕಿಯ ಮೇಲಿನ ಕಿರಿದಾದ ಹಲಗೆಯ ಮೇಲೆ ಮೂರು ಹಳಿಗಳ ಯಾರ್ಡ್, ಪಾಯಿಂಟುಗಳಿಗೆ ಮೋಟಾರು, ಎಲ್ಲವೂ ಇದೆ. ಹೋದ ಭಾನುವಾರ ಮೊದಲ ಗಾಡಿಯನ್ನು ಅಲ್ಲಿಯವರೆಗೆ ಒಯ್ಯುವ ಉತ್ಸಾಹದಲ್ಲಿದ್ದೆವು. ಅಪ್ಪ ಟ್ಯಾಬ್ಲೆಟ್ಟನ್ನು ಅತ್ತ ತಿರುಗಿಸಲು ಹೇಳಿ, ಒಂದು ನಿಮಿಷ ನೋಡಿ, ‘ಹೋಮ್ ಸಿಗ್ನಲ್ ಎಲ್ಲಿ?’ ಎಂದರು. ಇನ್ನೂ ಹಾಕಿಲ್ಲ, ಮುಂದಿನ ವಾರ ಹಾಕುತ್ತೇನೆ, ಇವತ್ತೊಂದು ದಿನ ಬಿಟ್ಟುಬಿಡಿ ಎಂದು ಮಗಳು ಅಜ್ಜನನ್ನು ಗೋಗರೆದಳು. ಸಿಗ್ನಲ್ ಇಲ್ಲದ ನಿಲ್ದಾಣಕ್ಕೆ ತಮ್ಮ ಸ್ಟೇಷನ್ನಿನಿಂದ ಗಾಡಿ ಬಿಡುವುದಿಲ್ಲವೆಂದು ಅವರು ನೋಟ್‌ಬುಕ್ ಮುಚ್ಚಿಟ್ಟರು. ಹಿತ್ತಾಳೆಯ ತಂತಿ, ಪುಟ್ಟ ಬಲ್ಬು ಮತ್ತು ಬೆಸುಗೆಯ ಕಡ್ಡಿ ಈಗ ನನ್ನ ಮೇಜಿನ ಮೇಲಿವೆ. ಶನಿವಾರ ರಾತ್ರಿಯೊಳಗೆ ಅದು ಕಂಬವಾಗಿ ನಿಲ್ಲಬೇಕು.